ನಾತಾಲ್ ಬಾಯಿಯ ಒಂದು ಹಗಲಿನ ಹರಕೆ

ವರ್ಕಾಡಿಯ ನಾತಾಲ್ ಬಾಯಿ ಮೊದಲ ಸಲ ಮೋಟಾರು ಸೈಕಲ್ ಹತ್ತಿದಾಗ ಅವಳಿಗೆ ಅರವತ್ತೆರಡು ವರ್ಷ. ಅದು 1950ರ ಜನವರಿ. ಅಲ್ಲಿಯವರೆಗೆ ಅವಳು ಬಸ್ಸಿನಲ್ಲಿ ಕೂತದ್ದೇ ಮೂರು ಸಲ, ಮೂರು ಸಲವೂ ವಾಂತಿ ಮಾಡಿಕೊಂಡಿದ್ದಳು.

ಅವಳು ಹುಟ್ಟಿದ್ದು ಬೇಳದಲ್ಲಿ, ಮುರಕಲ್ಲು ಕಡಿಯುವವನ ಮಗಳಾಗಿ. ಹದಿನಾರಕ್ಕೆ ಮದುವೆಯಾಗಿ ವರ್ಕಾಡಿಗೆ ಬಂದಳು. ಗಂಡ ಪಾವ್ಲು ಪೊರ್ಬು ಗೇಣಿಗೆ ಗದ್ದೆ ಮಾಡುತ್ತಿದ್ದ. ಹೆತ್ತ ಮೂರು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ. ಮೂರನೆಯದನ್ನು ಮಣ್ಣು ಮಾಡಿ ಹತ್ತು ದಿನವಾಗಿತ್ತು. ಆಗ ಬೇಲಿಯಾಚೆಯ ಮನೆಯಲ್ಲಿ ಬಟ್ಯನ ಹೆಂಡತಿ ಕಿನ್ನಿ ಗಂಡುಮಗುವನ್ನು ಹೆತ್ತು, ಬಾಣಂತಿ ಜ್ವರದಲ್ಲಿ ತೀರಿಕೊಂಡಳು. ಮಗು ಹಸಿವಿನಿಂದ ಅಳುವುದು ಎರಡೂ ಮನೆಗೆ ಕೇಳುತ್ತಿತ್ತು. ನಾತಾಲ್ ಬಾಯಿ ಬೇಲಿ ದಾಟಿ ಹೋದಳು, ಯಾರನ್ನೂ ಕೇಳದೆ ಮಗುವನ್ನೆತ್ತಿ ಎದೆಗೆ ಹಿಡಿದಳು. ಒಂದು ವರ್ಷ ಹಾಲು ಕೊಟ್ಟಳು. ಮಗುವನ್ನು ನೀವೇ ಇಟ್ಟುಕೊಳ್ಳಿ ಎಂದು ಬಟ್ಯ ಹೇಳಿದಾಗ ಮಾತ್ರ ಒಪ್ಪಲಿಲ್ಲ.

“ನಿನ್ನ ಮಗ ನಿನ್ನವನೇ ಬಟ್ಯ. ಹೆಸರು ನೀನಿಡು, ದೈವಕ್ಕೆ ಕೈಮುಗಿಯಲಿಕ್ಕೆ ನೀನೇ ಕಲಿಸು. ಅವನ ಹೊಟ್ಟೆ ನೋಡಿಕೊಳ್ಳುವುದನ್ನು ನನಗೆ ಬಿಡು.”

ಬಟ್ಯ ಮಗುವಿಗೆ ಪೂವಪ್ಪ ಎಂದು ಹೆಸರಿಟ್ಟ. ಪೂವಪ್ಪ ಬೆಳೆದು ಮಂಗಳೂರಿನ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತ. ಯುದ್ಧ ಶುರುವಾದ ಮೇಲೆ ಸೈನ್ಯದ ಲಾರಿ ರಿಪೇರಿಗೆಂದು ಸೇರಿ ಬರ್ಮಾದ ಗಡಿಗೆ ಹೋದ. 1944ರಲ್ಲಿ ಅಂಚೆಯವನು ಒಂದು ಕಾಗದ ತಂದು ಬಟ್ಯನಿಗೆ ಓದಿ ಹೇಳಿದ. ಮಗ ಕಾಣೆಯಾಗಿದ್ದಾನೆ ಎಂದಿತ್ತು. ಬಟ್ಯ ಅಂಗಳದಲ್ಲೇ ಕುಸಿದು ಕೂತ. ಅಷ್ಟು ಹೊತ್ತಿಗೆ ವಿಧವೆಯಾಗಿದ್ದ ನಾತಾಲ್ ಬಾಯಿ ಬೀಡಿ ಸುತ್ತುತ್ತಿದ್ದ ಮೊರವನ್ನು ಬದಿಗಿಟ್ಟು ನೆಟ್ಟಗೆ ಇಗರ್ಜಿಗೆ ನಡೆದಳು.

ಹುಡುಗ ಜೀವಂತ ಬಂದರೆ ನಾಲ್ಕು ಕಡೆ ಮೇಣದಬತ್ತಿ ಹಚ್ಚುತ್ತೇನೆ ಎಂದು ಹರಕೆ ಹೇಳಿಕೊಂಡಳು. ವರ್ಕಾಡಿ ಮತ್ತು ಕಯ್ಯಾರಿನ ಇಗರ್ಜಿಗಳು, ಕುಂಬ್ಡಾಜೆಯ ಗುಡ್ಡದ ಮೇಲಿನ ಕಲ್ಲಿನ ಶಿಲುಬೆ, ಕೊನೆಗೆ ತನಗೆ ದೀಕ್ಷಾಸ್ನಾನವಾದ ಬೇಳದ ಇಗರ್ಜಿ. ನಾಲ್ಕನ್ನೂ ಒಂದೇ ದಿನ, ಬೆಳಗಿನ ಗಂಟೆಯಾದ ಮೇಲೆ, ಸಂಜೆಯ ಗಂಟೆಯಾಗುವ ಮೊದಲು.

ಎರಡು ವರ್ಷ ಕಳೆದು ಪೂವಪ್ಪ ಬಂದ. ಅಸ್ಸಾಮಿನ ಆಸ್ಪತ್ರೆಯಲ್ಲಿ ಬೇರೆ ಯಾರದೋ ಸೈನ್ಯದ ನಂಬರು ಬರೆದಿದ್ದ ಮಂಚದಲ್ಲಿ ಬಹಳ ದಿನ ಜ್ವರದಲ್ಲಿ ಮಲಗಿದ್ದನಂತೆ. ನಾತಾಲ್ ಬಾಯಿ ಅವನಿಗೆ ಗಂಜಿ ಬಡಿಸಿದಳು, ಹರಕೆಯ ವಿಷಯ ಎತ್ತಲಿಲ್ಲ. ಅವಳ ಮೊಣಕಾಲು ಆಗಲೇ ಊದಿಕೊಂಡಿತ್ತು. ಆ ದಾರಿಗೆ ಬಸ್ಸು ಇರಲಿಲ್ಲ, ನಡೆದರೆ ಎರಡು ದಿನ ಬೇಕು.

ಅವನಿಗೆ ಅದು ತಿಳಿದದ್ದು 1949ರ ಮಳೆಗಾಲದ ಮೊದಲು, ಅವಳ ಮನೆಯ ಹುಲ್ಲಿನ ಮಾಡು ಸರಿಮಾಡುತ್ತಿದ್ದಾಗ. ತೊಲೆಯ ಸಂದಿನಲ್ಲಿ ಬಟ್ಟೆ ಸುತ್ತಿದ ಒಂದು ಕಟ್ಟು ಸಿಕ್ಕಿತು. ಒಳಗೆ ಹಳದಿಯಾದ ನಾಲ್ಕು ದಪ್ಪ ಮೇಣದಬತ್ತಿ.

“ಇದು ಎಂತದು ಬಾಯಮ್ಮ?”

ಬೇರೆ ದಾರಿಯಿಲ್ಲದೆ ಅವಳು ಹೇಳಿದಳು. ಅವನು ಏಣಿಯ ಮೇಲೆಯೇ ನಿಂತು ಕೇಳಿದ.

“ಒಂದೇ ದಿನ ಅಂತ ಯಾಕೆ ಹೇಳಿದ್ದು ನೀವು?”

“ಸುಲಭದ್ದು ಹೇಳಿದರೆ ದೇವರು ಕೇಳುತ್ತಾರಾ, ಮಗಾ?”

ಪೂವಪ್ಪನ ಬಳಿ ಆಗ ಸೈನ್ಯದವರು ಹರಾಜು ಹಾಕಿದ ಒಂದು ಮೋಟಾರು ಸೈಕಲ್ ಇತ್ತು. ಅರ್ಧ ಭಾಗಗಳಿರಲಿಲ್ಲ. ಎತ್ತಿನ ಗಾಡಿಯ ಮುದ್ದಣ್ಣ ದಿನಾ ಅದರ ಬಳಿ ನಿಂತು, “ಅದು ಗುಜರಿ ಮಾರಾಯ, ಕೋಳಿ ಕಾವಿಗೆ ಕೂರಿಸಲಿಕ್ಕೆ ಆದೀತು” ಎಂದು ನಗುತ್ತಿದ್ದ. ಹರಕೆಯ ವಿಷಯ ತಿಳಿದ ಮೇಲೆ ಪೂವಪ್ಪ ಏಳು ತಿಂಗಳು ಅದಕ್ಕೇ ಅಂಟಿಕೊಂಡ. ಇಲ್ಲದ ಭಾಗಗಳನ್ನು ಕಮ್ಮಾರನ ಕುಲುಮೆಯಲ್ಲಿ ತಾನೇ ಮಾಡಿಸಿದ. ಹಿಂದೆ ಮರದ ಪೀಠ ಕೂರಿಸಿ, ತೆಂಗಿನ ನಾರು ತುಂಬಿದ ಗೋಣಿಯನ್ನು ಅದರ ಮೇಲೆ ಹೊಲಿದ. ಹಿಡಿದುಕೊಳ್ಳಲು ಕಬ್ಬಿಣದ ಬಳೆ, ಕಾಲಿಡಲು ಹಲಗೆ. ಹಾರ್ನ್ ಮಾತ್ರ ಎಷ್ಟು ಮಾಡಿದರೂ ಕೂಗಲಿಲ್ಲ.

ಜನವರಿಯ ಆ ದಿನ ವರ್ಕಾಡಿಯ ಇಗರ್ಜಿಯಲ್ಲಿ ಬೆಳಗಿನ ಗಂಟೆಯಾಯಿತು. ನಾತಾಲ್ ಬಾಯಿ ಮೊದಲ ಬತ್ತಿ ಹಚ್ಚಿ ಬಂದು, ತಲೆಯ ಬಿಳಿವಸ್ತ್ರವನ್ನು ಗದ್ದದ ಕೆಳಗೆ ಗಂಟು ಹಾಕಿ, ಒಂದು ಬದಿಗೆ ಕಾಲಿಟ್ಟು ಕೂತಳು. ಮೊದಲ ಎರಡು ಮೈಲಿ ಅವಳು ಕಣ್ಣು ಬಿಡಲಿಲ್ಲ.

“ಬಾಯಮ್ಮ, ವಾಂತಿ ಬರುತ್ತದಾ?”

“ಇಲ್ಲ. ಇದರಲ್ಲಿ ಗಾಳಿ ಉಂಟು. ಬಸ್ಸಿನಲ್ಲಿ ಇರುವುದು ಜನರ ಬೆವರು ಮಾತ್ರ.”

ಬಾಯಾರಿನ ಇಳಿಜಾರಿನಲ್ಲಿ ಅವಳು ಕಣ್ಣು ಬಿಟ್ಟಳು. ಗದ್ದೆಯಲ್ಲಿ ಬಗ್ಗಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು. ಅವಳು ಕಬ್ಬಿಣದ ಬಳೆಯಿಂದ ಒಂದು ಕೈ ತೆಗೆದು ಅವರತ್ತ ಬೀಸಿದಳು. ಆಮೇಲೆ ಕಣ್ಣು ಮುಚ್ಚಲೇ ಇಲ್ಲ.

ಕಯ್ಯಾರಿನಲ್ಲಿ ಸದ್ದು ಕೇಳಿ ಪಾದ್ರಿಗಳು ಹೊರಗೆ ಬಂದರು. ಹರಕೆಯ ಕತೆ ಕೇಳಿ ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಬತ್ತಿ ಹಚ್ಚಿಸಿದ ಮೇಲೆ ಪವಿತ್ರ ಜಲ ತಂದು ಗಾಡಿಗೂ ಚಿಮುಕಿಸಲು ಹೊರಟರು.

“ಚಕ್ರಕ್ಕೆ ಹಾಕಿ ಫಾದರ್, ಎಂಜಿನಿಗೆ ಬೇಡ,” ಎಂದ ಪೂವಪ್ಪ. “ಅದಕ್ಕೆ ನೀರು ಆಗುವುದಿಲ್ಲ.”

ಶಿರಿಯಾ ಹೊಳೆಯ ಕಡವಿನಲ್ಲಿ ಹೊತ್ತು ಹೋಯಿತು. ದೋಣಿಯ ಬೋಜ ಎರಡು ದೋಣಿ ಜೋಡಿಸಿ ಹಲಗೆ ಕಟ್ಟಿ ಮೋಟಾರು ಸೈಕಲನ್ನು ಆಚೆ ದಾಟಿಸುವಾಗ ಸೂರ್ಯ ನೆತ್ತಿಯಿಂದ ಇಳಿದಿದ್ದ.

ಕುಂಬ್ಡಾಜೆಯ ಗುಡ್ಡಕ್ಕೆ ಕಾಲುದಾರಿ ಮಾತ್ರ. “ಎತ್ತಿಕೊಳ್ಳಲಾ?” ಎಂದು ಪೂವಪ್ಪ ಕೇಳಿದ.

“ನಿನ್ನನ್ನು ಎತ್ತಿದವಳು ನಾನು. ಸುಮ್ಮನೆ ಬಾ.”

ಹತ್ತು ಹೆಜ್ಜೆಗೊಮ್ಮೆ ನಿಂತು, ಮೊಣಕಾಲು ಒತ್ತಿಕೊಂಡು, ಒಂದು ಗಂಟೆಯಲ್ಲಿ ಅವಳು ಹತ್ತಿದಳು. ಶಿಲುಬೆಯ ಕಲ್ಲನ್ನು ಕಡಿದದ್ದು ಅವಳ ಅಪ್ಪ. ಅಂಚಿನಲ್ಲಿ ಅವನ ಉಳಿಯ ಗೆರೆಗಳು ಇನ್ನೂ ಇದ್ದವು, ಅವಳು ಬೆರಳಾಡಿಸಿ ನೋಡಿದಳು. ಗಾಳಿಗೆ ಬತ್ತಿ ನಾಲ್ಕು ಸಲ ಆರಿತು. ಪೂವಪ್ಪ ಅಂಗಿ ಬಿಚ್ಚಿ ಮರೆಯಾಗಿ ಹಿಡಿದ ಮೇಲೆ ಹತ್ತಿಕೊಂಡಿತು.

ಕೆಳಗಿಳಿದು ಗಾಡಿ ಹೊರಡಿಸುವಾಗ ಟಪ್ಪೆಂದು ಕ್ಲಚ್ಚಿನ ತಂತಿ ಕಡಿಯಿತು. ಬದಲಿ ಇರಲಿಲ್ಲ. ಪೂವಪ್ಪ ತಂತಿಯ ತುಂಡು ಹಿಡಿದು ನಿಂತುಬಿಟ್ಟ. ಮುಖ ಸಣ್ಣದಾಗಿತ್ತು.

“ಇನ್ನು ಹೋಗುವುದೇ ಇಲ್ಲವಾ ಇದು?”

“ಹೋಗುತ್ತದೆ ಬಾಯಮ್ಮ. ಇಳಿಜಾರಿನಲ್ಲಿ ಉರುಳಿಸಿ ಹೊರಡಿಸಬಹುದು. ಆದರೆ ನಡುವೆ ಎಲ್ಲಿಯಾದರೂ ನಿಂತರೆ ಮತ್ತೆ ಹೊರಡುವುದಿಲ್ಲ.”

“ಹಾಗಾದರೆ ನಿಲ್ಲಿಸಬೇಡ.” ಅವಳು ಆಗಲೇ ಪೀಠ ಹತ್ತಿದ್ದಳು.

ಗುಡ್ಡದ ಬುಡದಿಂದ ಗಾಡಿ ಉರುಳಿತು, ಕೆಮ್ಮಿತು, ಹಿಡಿದುಕೊಂಡಿತು. ಮುಂದಿನದು ಇಡೀ ದಾರಿ ಒಂದೇ ಓಟ. ನೀರ್ಚಾಲಿನ ಹತ್ತಿರ ಸಾಲಾಗಿ ಎತ್ತಿನ ಗಾಡಿಗಳು ಎದುರಾದವು, ನಡುವೆ ಮನೆಗೆ ಮರಳುವ ದನಗಳು. ಹಾರ್ನ್ ಇಲ್ಲ. ನಾತಾಲ್ ಬಾಯಿ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಯೆತ್ತಿ ಕೂಗಿದಳು.

“ಬದಿಗೆ ಹೋಗಿ ಮಾರಾಯರೆ, ಇದಕ್ಕೆ ನಿಲ್ಲಲಿಕ್ಕೆ ಗೊತ್ತಿಲ್ಲ!”

ನಲವತ್ತು ವರ್ಷ ಇಗರ್ಜಿಯಲ್ಲಿ ಸ್ತುತಿಮಾಲೆ ಹೇಳಿಕೊಟ್ಟ ಗಂಟಲು ಅದು. ಗಾಡಿಯವರು ಎತ್ತುಗಳನ್ನು ದಾರಿಬದಿಯ ಕಣಿಗೆ ಇಳಿಸಿದರು, ದನಗಳು ಬಾಲವೆತ್ತಿ ಗದ್ದೆಗೆ ಹಾರಿದವು. ಅಂಗಡಿ ಜಗಲಿಯ ಗಂಡಸರು ಎದ್ದು ನಿಂತರು. ಯಾರೋ ಒಬ್ಬರು ಮುಂದೆ ಓಡುತ್ತಾ, ದಾರಿ ಬಿಡಿ, ದಾರಿ ಬಿಡಿ ಎಂದು ತಾವೂ ಕೂಗತೊಡಗಿದರು. ಪೂವಪ್ಪ ಬೆನ್ನ ಹಿಂದೆ ಅವಳು ನಗುತ್ತಿರುವುದನ್ನು ಕೇಳಿದ. ಹುಟ್ಟಿದಂದಿನಿಂದ ಅವಳನ್ನು ಬಲ್ಲ ಅವನು ಆ ನಗುವನ್ನು ಹಿಂದೆ ಕೇಳಿರಲಿಲ್ಲ.

ಬೇಳದ ಇಗರ್ಜಿಯ ಅಂಗಳದಲ್ಲಿ ಎಂಜಿನು ಆರಿಸಿದ. ಗಾಡಿ ತನ್ನಷ್ಟಕ್ಕೆ ಉರುಳಿ ಮೆಟ್ಟಿಲಿನ ಬಳಿ ನಿಂತಿತು. ಗಂಟೆ ಹೊಡೆಯುವವನು ಹಗ್ಗಕ್ಕೆ ಕೈ ಹಾಕಿದ್ದ. ಕೆಂಪು ಧೂಳಿನಲ್ಲಿ ಮಿಂದ ಮುದುಕಿಯೊಬ್ಬಳು ಕುಂಟುತ್ತಾ ಒಳಗೆ ಧಾವಿಸುವುದನ್ನು ನೋಡಿ ಅವನು ಕೈ ತಡೆದ.

“ನನಗಾಗಿ ನಿಲ್ಲಿಸಬೇಡ,” ಎಂದಳು ನಾತಾಲ್ ಬಾಯಿ. “ನಿನ್ನ ಹೊತ್ತಿಗೆ ನೀನು ಹೊಡಿ.”

ಬಲಿಪೀಠದೆದುರು ಬತ್ತಿ ಹತ್ತಿಕೊಂಡಿತು. ಅವಳು ಮೊಣಕಾಲೂರಿ, ಹಣೆಯಿಂದ ಎದೆಗೆ ಕೈ ತಂದು ಶಿಲುಬೆಯ ಗುರುತು ಮುಗಿಸುವಷ್ಟರಲ್ಲಿ ಮೇಲೆ ಗಂಟೆ ಮೊಳಗಿತು. ಪೂವಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

ಆ ರಾತ್ರಿ ಅವರು ಅವಳ ಅಣ್ಣನ ಮಗನ ಮನೆಯಲ್ಲಿ ಉಳಿದರು. ಬೆಳಿಗ್ಗೆ ಪೂವಪ್ಪ ಬದಿಯಡ್ಕದಿಂದ ಸೈಕಲ್ಲಿನ ಬ್ರೇಕ್ ತಂತಿ ತಂದು ಕ್ಲಚ್ಚಿಗೆ ಕಟ್ಟಿದ. ವರ್ಕಾಡಿಯ ಪೇಟೆಗೆ ಬಂದಾಗ ಮುದ್ದಣ್ಣ ತನ್ನ ಗಾಡಿಯನ್ನು ತಾನಾಗಿಯೇ ಬದಿಗೆ ಸರಿಸಿದ. ಮರುವಾರ ಅವನು ಪೂವಪ್ಪನ ಬಳಿ ಬಂದು, ತನ್ನ ಹೆಂಡತಿ ಹರಿಣಾಕ್ಷಿಯನ್ನು ಮಂಗಳೂರಿನ ಆಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋಗಬಹುದೇ ಎಂದು ಕೇಳಿದ. ಹೀಗೆ ಶುರುವಾದ ಕೆಲಸ ಪೂವಪ್ಪನ ಬದುಕಾಯಿತು, ಕೆಲವು ವರ್ಷಗಳಲ್ಲಿ ಅವನು ಒಂದು ಜೀಪು ಕೊಂಡ.

ಅದಾದ ಮೇಲೂ ನಾತಾಲ್ ಬಾಯಿ ಪ್ರತಿ ಜನವರಿಯಲ್ಲಿ ಮೋಟಾರು ಸೈಕಲ್ಲಿನಲ್ಲೇ ಬೇಳಕ್ಕೆ ಹೋದಳು, ಜೀಪಿನಲ್ಲಿ ಕೂರಲು ಒಪ್ಪಲಿಲ್ಲ. ಐದನೆಯ ಸಲ ಕಯ್ಯಾರಿನಲ್ಲಿ ಇಳಿದಾಗ ಪಾದ್ರಿಗಳು ಕೇಳಿದರು, “ಈ ಸಲ ಎಂತ ಹರಕೆ ಬಾಯಮ್ಮ?”

“ಹರಕೆ ಎಂತದೂ ಇಲ್ಲ ಫಾದರ್,” ಎಂದು ಅವಳು ತಲೆಯ ವಸ್ತ್ರದ ಧೂಳು ಕೊಡವಿದಳು. “ಊರು ನೋಡಲಿಕ್ಕೆ ಬಂದದ್ದು.”