ಕೂಗಿ ಹೇಳುವ ಗುಟ್ಟು

ಎಂಬತ್ತರ ದಶಕದಲ್ಲಿ ತಮಿಳುನಾಡಿನ ಅವಿನಾಶಿಯಲ್ಲಿ, ಕನ್ನಡ ಮಾತಾಡುವ ನೇಕಾರರ ಕೇರಿಯಲ್ಲಿ ನಾನೊಂದು ತರಬೇತಿ ಕೊಡುತ್ತಿದ್ದೆ. ಬದುಕೇ ಬೇಡವೆನಿಸಿದವರನ್ನು ಅಕ್ಕಪಕ್ಕದವರು ಗುರುತಿಸಿ ಉಳಿಸಿಕೊಳ್ಳುವುದು ಹೇಗೆ ಎಂಬ ತರಬೇತಿ. "ಅನುಮಾನ ಬಂದರೆ ನೇರವಾಗಿ ಕೇಳಿಬಿಡಿ. ಆದರೆ ಗುಟ್ಟಾಗಿ, ಮೆತ್ತಗೆ ಕೇಳಿ" ಎಂದು ನೂರು ಸಲ ಹೇಳಿದ್ದೆ.

ಮುಂದಿನ ವಾರ ಹೋದರೆ, ತರಬೇತಿಗೆ ಬಂದಿದ್ದ, ಪವರ್‌ಲೂಮ್ ಶೆಡ್ಡಿನಲ್ಲಿ ನೂಲು ಸುತ್ತುವ ಚೌಡಮ್ಮ ಶೆಡ್ಡಿನ ಹೊರಗೆ ಸಪ್ಪಗೆ ಕೂತಿದ್ದರು. "ತಪ್ಪಾಗೋಯ್ತು ಸಾರ್" ಎಂದರು. ಏನಾಯಿತೆಂದು ಕೇಳಿದೆ.

ಅಲ್ಲಿ ನೇಯುವ ರಾಮಲಿಂಗ ನಾಲ್ಕು ದಿನದಿಂದ ಊಟ ಬಿಟ್ಟಿದ್ದನಂತೆ. ತನ್ನ ಕೈಗಡಿಯಾರವನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದ. ಎರಡೂ ನಾನು ಹೇಳಿಕೊಟ್ಟಿದ್ದ ಲಕ್ಷಣಗಳೇ. ಮಗ್ಗಗಳ ಆ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಮೂರನೆಯವರಿಗೆ ಕೇಳಿಸದು; ಶೆಡ್ಡಿನವರು ಗುಟ್ಟು ಹೇಳುವುದೇ ಹಾಗೆ. ಚೌಡಮ್ಮನೂ ಅವನ ಕಿವಿಯ ಬಳಿ ಹೋಗಿ ಶಕ್ತಿಮೀರಿ ಕೂಗಿದರು: "ಸಾಯೋ ಯೋಚನೆ ಇದೆಯೇನಪ್ಪಾ?"

ಅದೇ ಗಳಿಗೆಗೆ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಚೌಡಮ್ಮನ ದನಿಯೊಂದೇ ಶೆಡ್ಡು ತುಂಬಿತು. ಎಲ್ಲರೂ ತಿರುಗಿ ನೋಡಿದರು.

"ಅವನು ಏನಂದ?" ಎಂದೆ.

"ಹೌದಕ್ಕಾ ಅಂದು ಗೊಳೋ ಅಂತ ಅತ್ತ. ಎಲ್ಲಾರೂ ಸೇರಿ ಡಾಕ್ಟರ್ ಹತ್ರ ಕರ್ಕೊಂಡ್ ಹೋದ್ವಿ. ಈಗ ದಿನಕ್ಕೊಬ್ಬರ ಮನೇಲಿ ಅವನಿಗೆ ಊಟ. ಅಗೋ, ಒಳಗೆ ನೇಯ್ತಾ ಇದಾನೆ ನೋಡಿ."

ನೋಡಿದೆ. ಹೋದ ಜೀವ ಬಂದಂತಾಯಿತು. "ಮತ್ತೆ ತಪ್ಪೇನಾಯ್ತಮ್ಮ?"

"ಗುಟ್ಟಾಗಿ ಕೇಳು ಅಂದಿದ್ರಲ್ಲ ಸಾರ್, ಊರಿಗೇ ಕೇಳಿಸಿಬಿಡ್ತಲ್ಲ!"

ಗುಟ್ಟಿನ ಪಾಠವನ್ನು ಈಗಲೂ ಮಾಡುತ್ತೇನೆ. ಆದರೆ ಕರೆಂಟ್ ಹೋದಾಗ ಬಯ್ಯುವುದನ್ನು ಅಂದೇ ಬಿಟ್ಟೆ.