ಮುದ್ದಪ್ಪ ಮೇಷ್ಟ್ರು ನುಂಗಿಕೊಂಡ ಮಾತು

ಮುದ್ದಪ್ಪ ಸಾದಲಿಯ ಪ್ರೈಮರಿ ಶಾಲೆಯ ಮೇಷ್ಟ್ರು. 1961ರಲ್ಲಿ ಅವರಿಗೆ ಮೂವತ್ತೊಂದು ವರ್ಷ. ಹಿಂದೊಮ್ಮೆ ಒಂದು ಕಣ್ಣು ತಿಂಗಳುಗಟ್ಟಲೆ ಮಂಜಾಗಿ ತಾನಾಗಿಯೇ ಸರಿಹೋಗಿತ್ತು. ಆಮೇಲೆ ಕಾಲುಗಳು ಜೋಮು ಹಿಡಿಯತೊಡಗಿದವು. ಅಷ್ಟನ್ನು ಯಾರಿಗಾದರೂ ಹೇಳಬಹುದಿತ್ತು. ಆದರೆ ಮೂತ್ರ ಬರುತ್ತಿದೆ ಎಂದು ಗೊತ್ತಾಗುವಷ್ಟರಲ್ಲಿ ಪಂಚೆ ಒದ್ದೆಯಾಗಿರುತ್ತಿತ್ತು. ಒಮ್ಮೆ ಮೂರನೇ ತರಗತಿಯ ಮಕ್ಕಳೆದುರಿಗೇ ಹಾಗಾಯಿತು. ಮೇಜಿನ ಮೇಲಿದ್ದ ನೀರಿನ ಚೊಂಬನ್ನು ಬೇಕೆಂದೇ ಮೈಮೇಲೆ ಚೆಲ್ಲಿಕೊಂಡು, ಕೈಜಾರಿತು ಎಂದರು. ಅಂದಿನಿಂದ ಶಾಲೆ ಬಿಡುವವರೆಗೆ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ.

ಹೆಂಡತಿ ಯಶೋದಮ್ಮನ ಬಳಿ ಹೋಗುವುದನ್ನೂ ಬಿಟ್ಟರು. ಮನಸ್ಸಿತ್ತು, ದೇಹ ಒಪ್ಪುತ್ತಿರಲಿಲ್ಲ. ಎರಡು ಸಲ ಸೋತ ಮೇಲೆ, ಸೆಕೆ ಎಂಬ ನೆಪ ಹೇಳಿ ಹಾಸಿಗೆಯನ್ನು ಜಗುಲಿಗೆ ಒಯ್ದರು.

ಮದುವೆಯಾಗಿ ನಾಲ್ಕು ವರ್ಷವಾದರೂ ಮಗುವಿಲ್ಲವೆಂದು ಅತ್ತೆ ಅಕ್ಕಯಮ್ಮ ಚಿಂತಾಮಣಿಯಿಂದ ಬಂದರು. ಮಗಳನ್ನು ಲೇಡಿ ಡಾಕ್ಟರಿಗೆ ತೋರಿಸಿದರು, ಕಷಾಯ ಕುಡಿಸಿದರು, ಉಪವಾಸ ಮಾಡಿಸಿದರು. ಮುದ್ದಪ್ಪ ಎಲ್ಲವನ್ನೂ ನೋಡುತ್ತ ಬಾಯಿ ಬಿಡಲಿಲ್ಲ. ಗಂಡ ತನ್ನ ಬಳಿ ಬರುವುದಿಲ್ಲವೆಂದು ಯಶೋದಮ್ಮನೂ ತಾಯಿಗೆ ಹೇಳಲಿಲ್ಲ.

ನೀರು ಕುಡಿಯುವುದನ್ನು ಬಿಟ್ಟಿದ್ದರಿಂದ ಮೂತ್ರ ಉರಿಯತೊಡಗಿ, ಚಳಿಜ್ವರ ಬಂತು. ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ಡಾಕ್ಟರು ಕಣ್ಣಿನ ವಿಷಯವನ್ನೆಲ್ಲ ಕೇಳಿಕೊಂಡು, ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ, ವಾಸಿ ಮಾಡುವ ಔಷಧವಿಲ್ಲ ಎಂದರು. ನೀರು ಕುಡಿಯಬೇಕು, ಬರಲಿ ಬಾರದಿರಲಿ ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು ಎಂದು ಹೇಳಿಕೊಟ್ಟರು. ಹೆಂಡತಿಯ ಜೊತೆ ಹೇಗಿದ್ದೀರಿ ಎಂದೂ ಕೇಳಿದರು. ಮುದ್ದಪ್ಪ ಗೋಡೆ ನೋಡಿದರು. ಅದೂ ಈ ಕಾಯಿಲೆಯಿಂದಲೇ ಆಗುವುದು, ನಿಮ್ಮ ತಪ್ಪಲ್ಲ ಎಂದರು ಡಾಕ್ಟರು.

ಊರಿಗೆ ಮರಳಿದ ಮೂರನೇ ದಿನ ಅಕ್ಕಯಮ್ಮ ಇನ್ನೊಂದು ಬೇರು ಅರೆದು ತಂದು ಮಗಳ ಮುಂದಿಟ್ಟರು. ಮುದ್ದಪ್ಪ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಅವಳಿಗೆ ಕೊಡಬೇಡಿ ಅತ್ತೆ. ದೋಷ ಇರೋದು ನನ್ನಲ್ಲಿ. ಗೊತ್ತಿದ್ದೂ ಸುಮ್ನಿದ್ದೆ."

ಅಕ್ಕಯಮ್ಮ ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋದರು. ಯಶೋದಮ್ಮ ತಲೆ ತಗ್ಗಿಸಿಕೊಂಡೇ ಹೇಳಿದರು: "ನಾನೇ ನಿಮಗೆ ಬೇಡವಾದೆ ಅಂದ್ಕೊಂಡಿದ್ದೆ ಕಣ್ರೀ."

ಮಕ್ಕಳೆದುರು ಪಂಚೆ ಒದ್ದೆಯಾದಾಗಲೂ ಮುದ್ದಪ್ಪನವರಿಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಹಾಸಿಗೆ ಒಳಗೆ ಬಂತು. ಮಕ್ಕಳಾಗಲಿಲ್ಲ, ಕೈ ಹಿಡಿದು ಮಲಗುವುದನ್ನು ಇಬ್ಬರೂ ರೂಢಿಸಿಕೊಂಡರು. ಕೆಲವು ವರ್ಷಗಳ ಮೇಲೆ ಮೂತ್ರ ಕಟ್ಟತೊಡಗಿದಾಗ, ಕುದಿಸಿದ ರಬ್ಬರ್ ಕೊಳವೆ ಹಾಕಿ ಮೂತ್ರ ತೆಗೆಯುವುದನ್ನು ಯಶೋದಮ್ಮ ನರ್ಸಮ್ಮನಿಂದ ಕಲಿತರು. ಮೊದಲ ಸಲ ಮುದ್ದಪ್ಪ ಮುಖದ ಮೇಲೆ ಟವೆಲು ಎಳೆದುಕೊಂಡರು. ಯಶೋದಮ್ಮ ಪಕ್ಕದ ಮನೆಯ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟತೊಡಗಿದ ವಿಷಯ ಹೇಳುತ್ತಲೇ ಕೆಲಸ ಮುಗಿಸಿದರು.