ಜಾಮೀನುದಾರರಿಗೆ ಹೋದ ಕಾರ್ಡು

1986ರಲ್ಲಿ ನಾನು ಬೆಂಗಳೂರಿನ ರಾಜಾಜಿನಗರದಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ಗ್ರಂಥಾಲಯದ ಲೈಬ್ರೇರಿಯನ್ ಆಗಿದ್ದೆ. ಗ್ರಂಥಾಲಯ ಎಂದ ಕೂಡಲೇ ದೊಡ್ಡ ಕಟ್ಟಡವನ್ನು ಊಹಿಸಿಕೊಳ್ಳಬೇಡಿ. ಎರಡು ಕೋಣೆ, ಒಂದು ವರಾಂಡ, ಹದಿನಾಲ್ಕು ಕಬ್ಬಿಣದ ಬೀರು, ನಾನು ಮತ್ತು ಅಟೆಂಡರ್ ಮುನಿಯಪ್ಪ. ನನಗಾಗ ಮೂವತ್ತನಾಲ್ಕು ವರ್ಷ. ಲೈಬ್ರರಿ ಸೈನ್ಸಿನ ಡಿಪ್ಲೊಮಾ ಕೈಯಲ್ಲಿತ್ತು, ನಿಯಮ ಎಂದರೆ ನಿಯಮ ಎನ್ನುವ ಜಂಬ ತಲೆಯಲ್ಲಿತ್ತು. ಆ ಜಂಬ ಇಳಿದದ್ದು ನಾನೇ ಬರೆದ ಒಂದು ಪೋಸ್ಟ್‌ಕಾರ್ಡಿನಿಂದ.

ನಮ್ಮ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು. ಪ್ರತಿ ಸದಸ್ಯರಿಗೂ ಎರಡು ಟಿಕೆಟ್. ಟಿಕೆಟ್ ಎಂದರೆ ಹೆಸರು ಬರೆದ ಪುಟ್ಟ ರಟ್ಟಿನ ಚೀಲ. ಪುಸ್ತಕ ಹೊರಗೆ ಹೋಗುವಾಗ ಅದರೊಳಗಿನ, ಪುಸ್ತಕದ ಹೆಸರಿರುವ ಬುಕ್ ಕಾರ್ಡನ್ನು ತೆಗೆದು ಈ ಚೀಲಕ್ಕೆ ಸಿಕ್ಕಿಸಿ ಟ್ರೇಯಲ್ಲಿ ನಿಲ್ಲಿಸುತ್ತಿದ್ದೆವು. ಹದಿನೆಂಟು ತುಂಬದವರ ಅರ್ಜಿಗೆ ಮನೆಯ ಹಿರಿಯರೊಬ್ಬರು ಜಾಮೀನುದಾರರಾಗಿ ಸಹಿ ಹಾಕಬೇಕಿತ್ತು. ಪುಸ್ತಕ ಹದಿನಾಲ್ಕು ದಿನದೊಳಗೆ ಬರಬೇಕು. ಇನ್ನೊಂದು ವಾರ ಕಾದ ಮೇಲೂ ಬರದಿದ್ದರೆ ಜಾಮೀನುದಾರರ ವಿಳಾಸಕ್ಕೆ ಒಂದು ಪೋಸ್ಟ್‌ಕಾರ್ಡು ಹೋಗುತ್ತಿತ್ತು. ಅದರಲ್ಲಿ ಸದಸ್ಯರ ಹೆಸರು, ಪುಸ್ತಕದ ಹೆಸರು, ಮರಳಿಸಬೇಕಾಗಿದ್ದ ದಿನ. ಪ್ರತಿ ಸೋಮವಾರ ಬೆಳಿಗ್ಗೆ ಕುಳಿತು ಗುಂಡಗಿನ ಅಕ್ಷರದಲ್ಲಿ ಈ ಕಾರ್ಡುಗಳನ್ನು ಬರೆಯುವುದು ನನಗೆ ಬಲು ಇಷ್ಟದ ಕೆಲಸವಾಗಿತ್ತು.

ನಮ್ಮಲ್ಲಿ ಮಕ್ಕಳ ಪುಸ್ತಕಕ್ಕೆ ಒಂದು ಬೀರು, ದೊಡ್ಡವರ ಕಾದಂಬರಿಗೆ ಐದು ಬೀರು. ನಡುವಿನ ವಯಸ್ಸಿಗೆ ಏನೂ ಇರಲಿಲ್ಲ. ಹದಿನೈದು ದಾಟಿದವರು ಮಕ್ಕಳ ಬೀರುವಿನ ಮುಂದೆ ನಾಚುತ್ತಿದ್ದರು, ದೊಡ್ಡವರ ಬೀರುವಿನ ಮುಂದೆ ಹೆದರುತ್ತಿದ್ದರು. ಅವರಿಗಾಗಿ ಒಂದಷ್ಟು ಕಾದಂಬರಿಗಳನ್ನು ಆರಿಸಿ ಕಿಟಕಿಯ ಬಳಿ ಒಂದು ಸಣ್ಣ ರ‍್ಯಾಕಿನಲ್ಲಿಟ್ಟೆ. ಶನಿವಾರ ಸಂಜೆ ವರಾಂಡದಲ್ಲಿ ಜಮಖಾನ ಹಾಸಿ, ಓದಿದ್ದರ ಬಗ್ಗೆ ಮಾತಾಡೋಣ ಬನ್ನಿ ಎಂದು ಕರೆದೆ. ಆರೇಳು ಜನ ಬರತೊಡಗಿದರು. ಯಾವ ಪುಸ್ತಕ ಇಷ್ಟವಾಯಿತು ಎಂದು ಕೇಳಿದರೆ ಎಲ್ಲರೂ ಶಾಲೆಯಲ್ಲಿ ಮೇಷ್ಟರು ಮೆಚ್ಚುವಂಥ ಉತ್ತರವನ್ನೇ ಒಪ್ಪಿಸುತ್ತಿದ್ದರು. ಯಾವುದನ್ನು ಅರ್ಧಕ್ಕೆ ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಕೇಳಿದಾಗ ಮಾತ್ರ ನಿಜ ಹೊರಬರುತ್ತಿತ್ತು. ಮುಂದಿನ ಪುಸ್ತಕವನ್ನು ನಾನು ಆ ಉತ್ತರದ ಮೇಲೆ ಆರಿಸಿಕೊಡುತ್ತಿದ್ದೆ.

ಗಿರಿಜಾ ಆ ಗುಂಪಿನಲ್ಲಿದ್ದಳು. ವಿಜಯನಗರದ ಒಂದು ವಠಾರದ ಹುಡುಗಿ, ಎರಡನೇ ಪಿಯುಸಿ, ಹದಿನೇಳು ವರ್ಷ. ತಂದೆ ಹನುಮಂತಯ್ಯ ಕಾರ್ಖಾನೆಯೊಂದರಲ್ಲಿ ಟರ್ನರ್. ತಾಯಿ ಪುಟ್ಟಮ್ಮ ಮನೆಯಲ್ಲೇ ಅಗರಬತ್ತಿ ಹೊಸೆಯುತ್ತಿದ್ದರು. ಗಿರಿಜಾ ಅರ್ಧಕ್ಕೆ ಬಿಟ್ಟ ಕಾದಂಬರಿಗಳ ಪಟ್ಟಿ ಉದ್ದವಿತ್ತು.

"ಎಲ್ಲಾದ್ರಲ್ಲೂ ಹುಡುಗಿ ಅಳ್ತಾ ಕೂತಿರ್ತಾಳೆ ಮೇಡಂ. ಎದ್ದು ಏನಾದ್ರೂ ಮಾಡೋ ಅಂಥದ್ದು ಇಲ್ವಾ?" ಎಂದಳು.

ನಾನು 'ಬೆಳಗಿನ ಬಸ್ಸಿಗೆ ಹೋದವಳು' ಎಂಬ ಕಾದಂಬರಿಯನ್ನು ಕೊಟ್ಟೆ. ಅದರಲ್ಲಿ ಮಗ್ಗದವನ ಮಗಳೊಬ್ಬಳು, ಮದುವೆ ಗೊತ್ತಾದ ಮೇಲೆ, ಯಾರಿಗೂ ಹೇಳದೆ ಬಸ್ಸು ಹತ್ತಿ ನರ್ಸ್ ತರಬೇತಿಗೆ ಹೋಗುತ್ತಾಳೆ. ಬಾಗಿಲ ಬಳಿ ಅಪ್ಪ ಮಲಗಿದ್ದರಿಂದ, ಸದ್ದಾದೀತೆಂದು ಚಪ್ಪಲಿಯನ್ನೂ ಬಿಟ್ಟು ಬರಿಗಾಲಲ್ಲಿ ಹೋಗುತ್ತಾಳೆ.

ಎರಡು ಶನಿವಾರ ಕಳೆದರೂ ಅವಳು ಅದನ್ನು ಮುಗಿಸಿರಲಿಲ್ಲ. ನೂರೈವತ್ತು ಪುಟವನ್ನು ಎರಡೇ ದಿನದಲ್ಲಿ ಓದುವ ಹುಡುಗಿ. ಅದನ್ನು ಮೊದಲೇ ಓದಿದ್ದ ಬೇರೆಯವರು ಕೊನೆಯ ಬಗ್ಗೆ ವಾದಕ್ಕಿಳಿದಾಗ ಕಿವಿ ಮುಚ್ಚಿಕೊಂಡಳು. "ಹೇಳ್ಬೇಡಿ, ನಾವಿನ್ನೂ ಅಲ್ಲಿಗೆ ಬಂದಿಲ್ಲ."

ನಾವು ಎಂದಳಲ್ಲ, ಆ ಮಾತನ್ನು ನಾನು ಆಗಲೇ ಕೇಳಿಸಿಕೊಳ್ಳಬೇಕಿತ್ತು. ಕೇಳಿಸಿಕೊಳ್ಳಲಿಲ್ಲ. ಮೂರನೆಯ ವಾರ ಕಳೆದ ಸೋಮವಾರ ಟ್ರೇಯಲ್ಲಿ ಅವಳ ಟಿಕೆಟ್ ಇನ್ನೂ ನಿಂತಿತ್ತು. ಹನುಮಂತಯ್ಯನವರ ಹೆಸರಿಗೆ ಕಾರ್ಡು ಬರೆದೆ. ಕಾದಂಬರಿಯ ಹೆಸರಿನ ಕೆಳಗೆ ಚೆಂದಕ್ಕೆಂದು ಒಂದು ಗೆರೆಯನ್ನೂ ಎಳೆದೆ.

ಆ ಶನಿವಾರ ಗಿರಿಜಾ ಬರಲಿಲ್ಲ. ಅದರ ಮುಂದಿನ ಗುರುವಾರ ಆಕೆಯ ತಂದೆ ಬಂದರು. ನೇರವಾಗಿ ಫ್ಯಾಕ್ಟರಿಯಿಂದ ಬಂದಿದ್ದರು, ಕೈಯಲ್ಲಿ ಟಿಫಿನ್ ಕ್ಯಾರಿಯರ್ ಇತ್ತು. ನನ್ನ ಕಾರ್ಡನ್ನೂ ಮಗಳ ಇನ್ನೊಂದು ಟಿಕೆಟ್ಟನ್ನೂ ಮೇಜಿನ ಮೇಲಿಟ್ಟರು.

"ಇವಳ ಹೆಸರು ತೆಗೆದುಬಿಡಿ ಮೇಡಂ. ಈ ಕಾರ್ಡನ್ನ ವಠಾರದ ಎಂಟೂ ಮನೆಯೋರು ಓದಿದಾರೆ. ನಾನೇ ಕೊನೇಲಿ ಓದಿದ್ದು."

ವಠಾರಕ್ಕೆಲ್ಲ ಬಾಗಿಲ ಬಳಿ ಒಂದೇ ಟಪಾಲು ಗೂಡು. ಅಂಥ ಹೆಸರಿನ ಪುಸ್ತಕ ಬಚ್ಚಿಟ್ಟುಕೊಂಡು ಓದುತ್ತಿದ್ದಾಳೆ, ಮನಸ್ಸಲ್ಲಿ ಏನೋ ಇದೆ ಎಂದು ಮಾತಾಗಿತ್ತು. ಕಾಲೇಜಿನಿಂದ ಬರುವುದು ಯಾಕೆ ತಡ, ಶನಿವಾರ ಎಲ್ಲಿಗೆ ಹೋಗುತ್ತಾಳೆ ಎಂದೆಲ್ಲ ಲೆಕ್ಕ ಹಾಕಿದ್ದರು.

"ಕಾಲೇಜು ಸಾಕು ಅಂದಿದೀನಿ. ಸಂಬಂಧ ನೋಡ್ತಾ ಇದೀವಿ," ಎಂದರು. ಪರೀಕ್ಷೆಗೆ ಇನ್ನು ಎರಡೇ ತಿಂಗಳಿತ್ತು.

"ಪುಸ್ತಕ ತಂದ್ರಾ?" ಎಂದು ಕೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಮನೆಯೆಲ್ಲಾ ಜಾಲಾಡಿದೀನಿ, ಸಿಗ್ತಿಲ್ಲ. ಎಲ್ಲಿಟ್ಟೆ ಅಂದ್ರೆ ಬಾಯೇ ಬಿಡಲ್ಲ. ಏನೂ ಇಲ್ದಿದ್ರೆ ಯಾಕೆ ಬಚ್ಚಿಡ್ತಾಳೆ, ನೀವೇ ಹೇಳಿ."

ಅವರ ದನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಅವರು ಹೋದ ಮೇಲೆ ಮುನಿಯಪ್ಪ ಟೀ ತಂದಿಟ್ಟ. ಅದು ಆರಿ ಕೆನೆಗಟ್ಟುವವರೆಗೂ ಕುಳಿತಿದ್ದೆ. ಕಾದಂಬರಿ ಕೊಟ್ಟದ್ದು ತಪ್ಪು ಎಂದು ಒಂದು ಗಳಿಗೆಯೂ ಅನಿಸಲಿಲ್ಲ. ಆದರೆ ಒಂದು ಹುಡುಗಿ ಏನು ಓದುತ್ತಿದ್ದಾಳೆ ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದು ಬೀದಿಗೆ ಕಳಿಸಿದವಳು ನಾನೇ, ಅದಕ್ಕೆ ಅವಳ ಓದೇ ನಿಲ್ಲುತ್ತಿದೆ ಎಂಬುದನ್ನು ಒಪ್ಪಿಕೊಳ್ಳಬೇಕಾಯಿತು.

ಭಾನುವಾರ ಮಧ್ಯಾಹ್ನ ನಾನು ಅವರ ಮನೆಗೆ ಹೋದೆ. ಓದುಗರ ಮನೆಗೆ ಹೋಗುವುದು ನಮ್ಮ ನಿಯಮಗಳಲ್ಲಿ ಇರಲಿಲ್ಲ. ಒಂದೂವರೆ ಕೋಣೆಯ ಮನೆ. ಪುಟ್ಟಮ್ಮ ಮಣೆಯ ಮುಂದೆ ಕುಳಿತು, ಅಂಗೈಗೆ ಕಪ್ಪು ಮಸಾಲೆ ಮೆತ್ತಿಕೊಂಡು ಕಡ್ಡಿ ಹೊಸೆಯುತ್ತಿದ್ದರು. ಪಕ್ಕದಲ್ಲಿ ಬರಿ ಕಡ್ಡಿಯ ಮೂಟೆ ಇತ್ತು. ಗಿರಿಜಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ನನ್ನ ಮುಖ ನೋಡಲಿಲ್ಲ. ಹನುಮಂತಯ್ಯ ಕುರ್ಚಿ ಎಳೆದು ಹಾಕಿದರು.

ತಪ್ಪು ನನ್ನದು ಎಂದು ಮೊದಲೇ ಹೇಳಿದೆ. ಅದು ಅಂಥ ಪುಸ್ತಕ ಅಲ್ಲ ಎಂದು ಹೇಳಿ ಜಾರಿಕೊಳ್ಳುವ ಆಸೆಯಿತ್ತು, ಆದರೆ ಅದು ಸುಳ್ಳಾಗುತ್ತಿತ್ತು.

"ಕಥೇಲಿ ಹುಡುಗಿ ಮನೆ ಬಿಟ್ಟು ಹೋಗೋದು ನಿಜ. ಆದ್ರೆ ಅದನ್ನ ಆರಿಸಿ ಕೊಟ್ಟೋಳು ನಾನು. ನಿಮ್ಮ ಮಗಳು ಕೇಳಿ ತಗೊಂಡಿದ್ದಲ್ಲ."

"ಹಂಗಾದ್ರೆ ವಾಪಸ್ ಕೊಡೋಕೆ ಏನಾಗಿತ್ತು ಇವಳಿಗೆ?" ಎಂದರು ಹನುಮಂತಯ್ಯ.

ಹೊಸೆಯುವ ಸದ್ದು ನಿಂತಿತು. ಪುಟ್ಟಮ್ಮ ಕೈಯನ್ನು ಸೀರೆಯ ಹಳೆ ತುಂಡಿಗೆ ಒರೆಸಿಕೊಂಡು, ಕಡ್ಡಿಯ ಮೂಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ಪುಸ್ತಕವನ್ನು ಹೊರಗೆಳೆದರು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಸುತ್ತಿದ್ದರು.

"ನಾನೇ ಇಟ್ಕೊಂಡಿದ್ದು. ನಂಗೆ ಓದೋಕೆ ಬರಲ್ಲ. ಮಧ್ಯಾಹ್ನ ನಾನು ಕಡ್ಡಿ ಹೊಸೀತಾ ಇದ್ರೆ ಇವಳು ಕಾಲೇಜಿಂದ ಬಂದು ಓದಿ ಹೇಳೋಳು. ದಿನಕ್ಕೆ ಐದಾರು ಪುಟ. ಅದಕ್ಕೇ ತಡ ಆಗಿದ್ದು."

"ಮತ್ತೆ ಮೊದಲೇ ಬಾಯಿ ಬಿಡೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ನೀವು ಪುಸ್ತಕ ಕೊಟ್ಟುಬಿಡ್ತಿದ್ರಿ. ಆ ಹುಡುಗಿ ಏನಾದ್ಲು ಅಂತ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ." ಆಮೇಲೆ ಮಗಳ ಕಡೆ ನೋಡಿ ಅತ್ತುಬಿಟ್ಟರು. "ನನ್ನ ಹೆಸರು ಹೇಳ್ಲಿಲ್ಲ ನೋಡಿ ಅದು. ಅಷ್ಟು ಬೈಸ್ಕೊಂಡ್ರೂ ಹೇಳ್ಲಿಲ್ಲ."

ಎಷ್ಟು ಉಳಿದಿದೆ ಎಂದು ನಾನು ಕೇಳಿದೆ. ಕೊನೆಯ ಅಧ್ಯಾಯ, ಹನ್ನೊಂದು ಪುಟ ಎಂದಳು ಗಿರಿಜಾ. ಓದಿಸಬಹುದಾ ಎಂದು ಹನುಮಂತಯ್ಯನವರನ್ನು ಕೇಳಿದೆ. ಅವರು ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಗಿರಿಜಾ ಮಣೆಯ ಪಕ್ಕ ಕುಳಿತು ಶುರು ಮಾಡಿದಳು.

ಆ ಅಧ್ಯಾಯದಲ್ಲಿ ಹುಡುಗಿಯ ಅಪ್ಪ ಅದೇ ಬೆಳಗಿನ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗುತ್ತಾನೆ. ಮಗಳು ಬಿಟ್ಟುಹೋದ ಚಪ್ಪಲಿ ಪೇಪರಿನಲ್ಲಿ ಸುತ್ತಿ ಅವನ ಕಂಕುಳಲ್ಲಿದೆ. ಹಾಸ್ಟೆಲಿನ ಗೇಟಿನಲ್ಲಿ ಯಾರಪ್ಪಾ ನೀನು ಎಂದು ಕೇಳಿದರೆ, ಚಪ್ಪಲಿ ಕೊಡೋಕೆ ಬಂದೋನು ಎನ್ನುತ್ತಾನೆ. ಅಪ್ಪ ಎಂದು ಹೇಳಲು ಅವನಿಗೆ ಇಡೀ ಮಧ್ಯಾಹ್ನ ಬೇಕಾಗುತ್ತದೆ.

ಗಿರಿಜಾ ಪುಸ್ತಕ ಮುಚ್ಚಿದಾಗ ಹನುಮಂತಯ್ಯ ಬಾಗಿಲಾಚೆ ನೋಡುತ್ತಾ ಕೇಳಿದರು: "ಅವನ ಜೊತೆ ವಾಪಸ್ ಬಂದ್ಲಾ?"

"ಇಲ್ಲಪ್ಪ. ಅವಳಿಗೆ ಪರೀಕ್ಷೆ ಇತ್ತು."

ಹನುಮಂತಯ್ಯ ಪುಸ್ತಕವನ್ನು ಕೈಗೆ ತೆಗೆದುಕೊಂಡು ರಟ್ಟನ್ನು ತಿರುಗಿಸಿ ನೋಡಿದರು. ಆಮೇಲೆ, "ಚಪ್ಪಲಿನಾದ್ರೂ ಕೊಟ್ನಲ್ಲ," ಎಂದು ಎದ್ದು ಮುಖ ತೊಳೆಯಲು ಹೋದರು. ಇಷ್ಟು ವರ್ಷ ಎಷ್ಟೋ ವಿಮರ್ಶೆಗಳನ್ನು ಓದಿದ್ದೇನೆ. ಆ ಕಾದಂಬರಿಯ ಬಗ್ಗೆ ಅದಕ್ಕಿಂತ ಸರಿಯಾದ ಮಾತನ್ನು ನಾನು ಇನ್ನೂ ಕೇಳಿಲ್ಲ.

ನಾಲ್ಕು ದಿನದ ಮೇಲೆ ಗಂಡ ಹೆಂಡತಿ ಇಬ್ಬರೂ ಲೈಬ್ರರಿಗೆ ಬಂದರು. ಹನುಮಂತಯ್ಯ ಪುಸ್ತಕವನ್ನು ಮೇಜಿನ ಮೇಲಿಟ್ಟು, "ಕಾಲೇಜಿಗೆ ಹೋಗ್ತಾ ಇದಾಳೆ. ಪರೀಕ್ಷೆ ಆಗ್ಲಿ, ಆಮೇಲೆ ನೋಡೋಣ," ಎಂದರು. ವಠಾರದ ಮಾತು ನಿಂತಿತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. "ಇವಳಿಗೂ ಒಂದು ಟಿಕೆಟ್ ಮಾಡ್ಕೊಡಿ," ಎಂದು ಹೆಂಡತಿಯನ್ನು ತೋರಿಸಿದರು.

ಭಾನುವಾರದ ವಿಷಯವನ್ನು ನನ್ನಿಂದ ಕೇಳಿದ್ದ ಮುನಿಯಪ್ಪ ನನ್ನ ಕಿವಿಯ ಬಳಿ ಬಗ್ಗಿದ. "ಓದೋಕೇ ಬರಲ್ವಲ್ಲ ಮೇಡಂ, ಟಿಕೆಟ್ ಹೆಂಗೆ ಮಾಡೋದು?"

ಅರ್ಜಿಯನ್ನು ತೆಗೆದು ನೋಡಿದೆ. ಸದಸ್ಯರ ಸಹಿ ಎಂದು ಇತ್ತೇ ಹೊರತು ಓದು ಬರಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಇಂಕ್ ಪ್ಯಾಡನ್ನು ಮುಂದೆ ಸರಿಸಿದೆ. ಪುಟ್ಟಮ್ಮ ಹೆಬ್ಬೆಟ್ಟು ಒತ್ತಿದರು. ವರ್ಷಗಟ್ಟಲೆ ಕಡ್ಡಿ ಹೊಸೆದು ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಕಾಗದದ ಮೇಲೆ ಬರೀ ಒಂದು ನೀಲಿ ಮಚ್ಚೆ ಮೂಡಿತು. ವಯಸ್ಕರಿಗೆ ಜಾಮೀನು ಬೇಕಾಗಿರಲಿಲ್ಲ. ಆದರೂ ಹನುಮಂತಯ್ಯ ಪೆನ್ನು ಕೇಳಿ ಪಡೆದು ಅದರ ಕೆಳಗೆ ಸಹಿ ಹಾಕಿದರು.

"ಪುಸ್ತಕ ತಡ ಆದ್ರೆ?" ಎಂದರು ಪುಟ್ಟಮ್ಮ.

"ಕಾರ್ಡು ಬರೆಯಲ್ಲ. ನಾನೇ ಬರ್ತೀನಿ," ಎಂದೆ.

ಅಂದಿನಿಂದ ನಿವೃತ್ತಿಯವರೆಗೆ ಯಾವ ಕಾರ್ಡಿನಲ್ಲೂ ಪುಸ್ತಕದ ಹೆಸರನ್ನು ನಾನು ಬರೆಯಲಿಲ್ಲ. ಪುಸ್ತಕಕ್ಕೆ ನಾವು ಕೊಡುವ ದಾಖಲೆ ಸಂಖ್ಯೆಯನ್ನಷ್ಟೇ ಬರೆದೆ. ಯಾರು ಏನು ಓದುತ್ತಿದ್ದಾರೆ ಎಂಬುದು ಅವರ ಸ್ವಂತದ್ದು, ಅದನ್ನು ಕಾಯುವುದೂ ಲೈಬ್ರೇರಿಯನ್ ಕೆಲಸವೇ ಎಂದು ಡಿಪ್ಲೊಮಾದಲ್ಲಿ ಯಾರೂ ಕಲಿಸಿರಲಿಲ್ಲ. ಇನ್ನೊಂದನ್ನೂ ಕಲಿತೆ. ಟಿಕೆಟ್ಟಿನ ಮೇಲೆ ಒಂದೇ ಹೆಸರಿರುತ್ತದೆ, ಆದರೆ ಹರೆಯದವರ ಕೈಗೆ ಕಾದಂಬರಿ ಕೊಡುವಾಗ ಮನೆಯಲ್ಲಿ ಅದಕ್ಕಾಗಿ ಇನ್ಯಾರು ಕಾಯುತ್ತಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಆಮೇಲೆ ಯಾರಾದರೂ ಪುಸ್ತಕ ತಡಮಾಡಿ ತಂದರೆ ನಾನು ಗದರಿಸಲಿಲ್ಲ. ಮನೆಯಲ್ಲಿ ಎಲ್ಲರದೂ ಮುಗಿಯಿತಾ ಎಂದು ಕೇಳುತ್ತಿದ್ದೆ.